ಕೊಳೆತ ದ್ರಾಕ್ಷಿಯ ಲೆಕ್ಕ: ಶಾತೊ ದಿಕೆಮ್ ಕುರಿತು ಆಡಿದ ಮಾತು

(ನಮ್ಮ ಓದು ಬಳಗದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

2012ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಒಂದು ದ್ರಾಕ್ಷಿ ತೋಟದವರು ಈ ವರ್ಷ ನಮ್ಮ ಹೆಸರಲ್ಲಿ ವೈನ್ ಬರುವುದಿಲ್ಲ ಅಂತ ಹೇಳಿಬಿಟ್ಟರು. ತೋಟಕ್ಕೆ ಬೆಂಕಿ ಬಿದ್ದಿರಲಿಲ್ಲ. ಬಳ್ಳಿಗಳು ಸತ್ತಿರಲಿಲ್ಲ. ಮಳೆ ಕಾಟ ಕೊಟ್ಟಿತ್ತು ನಿಜ, ಆದರೂ ಹಣ್ಣು ಕಿತ್ತಿದ್ದರು. ರುಚಿ ನೋಡಿದರು, ಇದು ನಮ್ಮ ಮಟ್ಟಕ್ಕೆ ಬಂದಿಲ್ಲ ಅಂದರು, ಅಷ್ಟೇ. ಒಂದು ವರ್ಷದ ಆದಾಯ ಹೋಯಿತು. ಇದು ಮೊದಲ ಸಲವೂ ಅಲ್ಲ. 1910, 1915, 1930, 1951, 1952, 1964, 1972, 1974, 1992, ಈ ಯಾವ ವರ್ಷದ ಬಾಟಲಿಯೂ ನಿಮಗೆ ಸಿಗುವುದಿಲ್ಲ. ಯಾರಾದರೂ ಮಾರಲು ಬಂದರೆ ನೀವು ಪೊಲೀಸರಿಗೇ ಫೋನ್ ಮಾಡಬೇಕು.

ಆ ತೋಟದ ಹೆಸರು ಶಾತೊ ದಿಕೆಮ್. ಬೋರ್ಡೊ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸೋತೆರ್ನ್ ಅನ್ನೋ ಪುಟ್ಟ ಊರಿದೆ, ಅಲ್ಲಿನ ಗುಡ್ಡದ ಮೇಲೆ. ಜಗತ್ತಿನ ಅತಿ ಪ್ರಸಿದ್ಧ ಸಿಹಿ ವೈನ್ ಇಲ್ಲಿಯದು. ಇದನ್ನು ಕೊಳೆತ ದ್ರಾಕ್ಷಿಯಿಂದ ಮಾಡುತ್ತಾರೆ ಅಂತ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದು ನಿಜ. ಆದರೆ ಎಲ್ಲರೂ ಆ ಬೂಷ್ಟಿನ ಬಗ್ಗೆಯೇ ಮಾತಾಡುತ್ತಾರೆ. ಬೂಷ್ಟು ಪಕ್ಕದ ರಿಯೂಸೆಕ್ ತೋಟಕ್ಕೂ ಬರುತ್ತದೆ, ಸ್ವಲ್ಪ ಆಚೆಯ ಸುದಿರೋ ತೋಟಕ್ಕೂ ಬರುತ್ತದೆ, ಅವರೂ ಒಳ್ಳೆ ವೈನೇ ಮಾಡುತ್ತಾರೆ. ದಿಕೆಮ್ ಬೇರೆಯಾಗಿ ನಿಂತಿದ್ದು ನಷ್ಟ ತಡೆದುಕೊಳ್ಳುವ ಶಕ್ತಿಯಿಂದ ಅಂತ ನನ್ನ ವಾದ. 400 ವರ್ಷಗಳಲ್ಲಿ ಆ ನಷ್ಟವನ್ನು ಯಾರು ಯಾರು ಹೊತ್ತರು ಅಂತ ನೋಡಿದರೆ ತೋಟದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಅದಿಲ್ಲದೆ ನಷ್ಟದ ಮಾತು ಅರ್ಥವಾಗುವುದಿಲ್ಲ.

ಸೋತೆರ್ನ್ ಪಕ್ಕದಲ್ಲಿ ಎರಡು ನದಿ. ಗರೋನ್ ದೊಡ್ಡದು, ಅದರ ನೀರು ಬೆಚ್ಚಗೆ. ಸಿರೋನ್ ಚಿಕ್ಕದು, ಕಾಡಿನ ನೆರಳಲ್ಲಿ ಹರಿದು ಬರುವುದರಿಂದ ತಣ್ಣಗೆ. ಶರತ್ಕಾಲದಲ್ಲಿ ಇವೆರಡೂ ಸೇರುವ ಕಡೆ ರಾತ್ರಿಯೇ ಮಂಜು ಏಳುತ್ತದೆ, ಬೆಳಗಿನ ತನಕ ತೋಟಗಳ ಮೇಲೆ ಕೂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂದು ಎಲ್ಲ ಒಣಗುತ್ತದೆ. ಬೆಳಿಗ್ಗೆ ತೇವ, ಮಧ್ಯಾಹ್ನ ಒಣ, ಮತ್ತೆ ಬೆಳಿಗ್ಗೆ ತೇವ. ಬೊಟ್ರೈಟಿಸ್ ಸಿನೆರಿಯ ಅನ್ನೋ ಶಿಲೀಂಧ್ರಕ್ಕೆ ಇದೇ ಬೇಕು. ಬೇರೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಶತ್ರು. ಕಂಡ ಕೂಡಲೇ ಔಷಧಿ ಹೊಡೆಯುತ್ತಾರೆ. ಇಲ್ಲಿ ಇದು ಬರಲಿ ಅಂತ ಕಾಯುತ್ತಾರೆ.

ಈ ಶಿಲೀಂಧ್ರ ಹಣ್ಣಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಮಾಡುತ್ತದೆ. ಆ ತೂತುಗಳಿಂದ ಒಳಗಿನ ನೀರು ಆರಿಹೋಗುತ್ತದೆ. ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ವಿಜಯಪುರದ ಒಣದ್ರಾಕ್ಷಿಯಲ್ಲೂ ನೀರು ಹೋಗಿ ಸಿಹಿ ಉಳಿಯುತ್ತದಲ್ವಾ, ಇದರಲ್ಲೇನು ವಿಶೇಷ ಅಂತ ಕೇಳಬಹುದು. ವ್ಯತ್ಯಾಸ ಇದೆ. ಒಣದ್ರಾಕ್ಷಿಯಲ್ಲಿ ನೀರು ಹೋಗುತ್ತದೆ, ಅಷ್ಟೇ. ಇಲ್ಲಿ ಶಿಲೀಂಧ್ರ ಹಣ್ಣಿನ ಸಕ್ಕರೆಯನ್ನೂ ಹುಳಿಯನ್ನೂ ಒಂದಷ್ಟು ತಾನೇ ತಿಂದು, ಅದರ ಬದಲಿಗೆ ಗ್ಲಿಸರಾಲ್ ಮುಂತಾದ ಹೊಸ ವಸ್ತುಗಳನ್ನು ಬಿಟ್ಟು ಹೋಗುತ್ತದೆ. ವೈನ್ ನಾಲಿಗೆ ಮೇಲೆ ಎಣ್ಣೆಯ ಹಾಗೆ ಜಾರುವುದು, ಅದರಲ್ಲಿ ಜರ್ದಾಳು, ಕೇಸರಿ, ಕಿತ್ತಳೆ ಸಿಪ್ಪೆಯ ವಾಸನೆ ಬರುವುದು ಈ ತಿಂದುಂಡ ಕೆಲಸದಿಂದ.

ಈಗ ತೊಂದರೆ ಶುರು. ಶಿಲೀಂಧ್ರ ಎಲ್ಲ ಹಣ್ಣಿಗೂ ಒಟ್ಟಿಗೆ ಬರುವುದಿಲ್ಲ. ಒಂದೇ ಗೊಂಚಲು ಕೈಯಲ್ಲಿ ಹಿಡಿದು ನೋಡಿ. ಮೇಲಿನ ನಾಲ್ಕು ಹಣ್ಣು ಇನ್ನೂ ಚಿನ್ನದ ಬಣ್ಣ, ಗಟ್ಟಿ. ಪಕ್ಕದ್ದರ ಮೇಲೆ ಕಂದು ಚುಕ್ಕೆ ಬಿದ್ದಿದೆ. ಇನ್ನೊಂದಷ್ಟು ಪೂರ್ತಿ ನೇರಳೆ ಕಂದು ಬಣ್ಣಕ್ಕೆ ತಿರುಗಿವೆ, ಆದರೆ ಇನ್ನೂ ಉಬ್ಬಿಕೊಂಡೇ ಇವೆ, ಅಂದರೆ ನೀರು ಹೋಗಿಲ್ಲ. ಕೆಳಗೆ ಮೂರೋ ನಾಲ್ಕೋ ಹಣ್ಣು ಮಾತ್ರ ಸುಕ್ಕುಗಟ್ಟಿ, ಮೇಲೆ ಬೂದಿ ಉದುರಿಸಿದ ಹಾಗೆ ಕಾಣುತ್ತವೆ. ಬೇಕಾಗಿರುವುದು ಈ ಕೊನೆಯವು. ಕೀಳುವವರು ಸಣ್ಣ ಕತ್ತರಿ ಹಿಡಿದು ಆ ಸುಕ್ಕಿದವನ್ನು ಮಾತ್ರ ಕತ್ತರಿಸಿಕೊಂಡು ಉಳಿದದ್ದನ್ನು ಬಳ್ಳಿಯಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಸಾಲಿಗೆ ಬರುತ್ತಾರೆ. ಮತ್ತೆ ಬರುತ್ತಾರೆ. ಸಾಮಾನ್ಯ ವರ್ಷದಲ್ಲಿ ಇಡೀ ತೋಟವನ್ನು ಐದಾರು ಸಲ ಸುತ್ತುತ್ತಾರೆ, ಸುಗ್ಗಿ ಮುಗಿಯಲು ಆರು ವಾರ ಆಗುವುದುಂಟು. ಕೀಳುವವರು ಸುಮಾರು 200 ಜನ. ಯಾವ ಹಣ್ಣು ಒಳ್ಳೆ ಬೂಷ್ಟು, ಯಾವುದು ಬರೀ ಕೊಳೆತು ವಿನೆಗರ್ ಆಗಿದೆ ಅಂತ ಕಣ್ಣಲ್ಲಿ, ಮೂಗಲ್ಲಿ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೇ ಇಲ್ಲಿ ಯಂತ್ರಕ್ಕೆ ಜಾಗವಿಲ್ಲ.

ಇದರ ಮಧ್ಯೆ ಒಂದು ವಾರ ಜೋರು ಮಳೆ ಬಂದರೆ ಮುಗೀತು. ಒಳ್ಳೆ ಬೂಷ್ಟು ಹೋಗಿ ಕೆಟ್ಟ ಕೊಳೆ ಬರುತ್ತದೆ. ಬುದ್ಧಿವಂತ ರೈತ ಏನು ಮಾಡುತ್ತಾನೆ? ಮಳೆಗೆ ಮುಂಚೆ ಸಿಕ್ಕಿದ್ದನ್ನೆಲ್ಲ ಕಿತ್ತುಕೊಳ್ಳುತ್ತಾನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ದಿಕೆಮ್‌ನವರು ಕಾಯುತ್ತಾರೆ.

ಇಳುವರಿ ಕೇಳಿದರೆ ನಗು ಬರುತ್ತದೆ. ಹೆಕ್ಟೇರಿಗೆ ಸುಮಾರು 900 ಲೀಟರ್, ನಮ್ಮ ಲೆಕ್ಕದಲ್ಲಿ ಎಕರೆಗೆ 360 ಲೀಟರ್ ಹತ್ತಿರ. ಸೋತೆರ್ನ್ ಕಾನೂನು ಹೆಕ್ಟೇರಿಗೆ 2,500 ಲೀಟರ್ ತನಕ ಬಿಡುತ್ತದೆ. ಅಂದರೆ ಕಾನೂನು ಕೊಟ್ಟ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಬಿಟ್ಟಿದ್ದಾರೆ. ಒಂದು ಬಳ್ಳಿಗೆ ಒಂದು ಲೋಟ ವೈನ್ ಅಂತ ಅಲ್ಲಿನವರು ಹೇಳುತ್ತಾರೆ, ಕೇಳಲು ಜಾಹೀರಾತಿನ ಮಾತಿನಂತಿದ್ದರೂ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಸರಿಯೇ ಬರುತ್ತದೆ. ತೋಟ ಸುಮಾರು 100 ಹೆಕ್ಟೇರ್. ಮುಕ್ಕಾಲು ಪಾಲು ಸೆಮಿಯೋನ್ ತಳಿ, ಉಳಿದದ್ದು ಸೋವಿನ್ಯೋನ್ ಬ್ಲಾಂ. ಸೆಮಿಯೋನ್ ಸಿಪ್ಪೆ ತೆಳು, ಶಿಲೀಂಧ್ರಕ್ಕೆ ಸುಲಭ. ಸೋವಿನ್ಯೋನ್ ಹುಳಿ ಮತ್ತು ವಾಸನೆ ಕೊಡುತ್ತದೆ.

ಕಿತ್ತ ಹಣ್ಣನ್ನು ಅವತ್ತೇ ಹಿಂಡುತ್ತಾರೆ. ಸಾಮಾನ್ಯವಾಗಿ ವೈನ್ ಮಾಡುವಾಗ ಮೊದಲು ಹಿಂಡಿದ ರಸ ಶ್ರೇಷ್ಠ, ಕೊನೆಯದು ಒರಟು. ಇಲ್ಲಿ ಉಲ್ಟಾ. ಸುಕ್ಕಿದ ಹಣ್ಣು ತನ್ನ ಸಿಹಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಹಿಂಡಿದ ಗಟ್ಟಿಯನ್ನು ಪುಡಿ ಮಾಡಿ ಮತ್ತೆ ಹಿಂಡುತ್ತಾರೆ, ಮತ್ತೊಮ್ಮೆ ಹಿಂಡುತ್ತಾರೆ, ಕೊನೆಗೆ ಬರುವ ಸ್ವಲ್ಪ ರಸದಲ್ಲೇ ಸಕ್ಕರೆ ಜಾಸ್ತಿ. ಆ ರಸ ಹೊಸ ಓಕ್ ಮರದ ಪೀಪಾಯಿಗೆ ಹೋಗುತ್ತದೆ, ಒಂದೊಂದು 225 ಲೀಟರಿನದು. ಎಷ್ಟು ಸಕ್ಕರೆ ಇರುತ್ತದೆ ಅಂದರೆ ಅದೆಲ್ಲ ಹುದುಗಿದರೆ ಆಲ್ಕೋಹಾಲ್ ಶೇಕಡ 20 ತಲುಪಬೇಕು. ಆದರೆ 13.5 ಅಥವಾ 14ರ ಹತ್ತಿರ ಯೀಸ್ಟ್ ಸುಸ್ತಾಗಿ ನಿಲ್ಲುತ್ತದೆ. ಆಲ್ಕೋಹಾಲೂ ಅದನ್ನು ಕೊಲ್ಲುತ್ತದೆ, ಶಿಲೀಂಧ್ರ ಬಿಟ್ಟು ಹೋದ ವಸ್ತುಗಳೂ ಅಡ್ಡ ಬರುತ್ತವೆ. ಉಳಿದ ಸಕ್ಕರೆ, ಲೀಟರಿಗೆ 120ರಿಂದ 150 ಗ್ರಾಂ, ವೈನ್‌ನಲ್ಲೇ ಉಳಿಯುತ್ತದೆ. ಆಮೇಲೆ ಪೀಪಾಯಿಯಲ್ಲಿ ಎರಡು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಿಂದೆ ಮೂರು ವರ್ಷ ದಾಟುತ್ತಿತ್ತು. ಈ ಅವಧಿಯಲ್ಲಿ ಒಂದೊಂದು ಪೀಪಾಯಿಯ ರುಚಿ ನೋಡಿ, ಮಟ್ಟಕ್ಕೆ ಬರದಿದ್ದನ್ನು ಹೆಸರಿಲ್ಲದೆ ವ್ಯಾಪಾರಿಗಳಿಗೆ ಮಾರಿಬಿಡುತ್ತಾರೆ. ಬೋರ್ಡೊದ ಬೇರೆ ದೊಡ್ಡ ತೋಟಗಳು ಇಂಥದ್ದಕ್ಕೆ ಎರಡನೇ ಲೇಬಲ್ ಹಚ್ಚಿ ಒಳ್ಳೆ ದುಡ್ಡು ಮಾಡುತ್ತವೆ. ದಿಕೆಮ್‌ಗೆ ಎರಡನೇ ಲೇಬಲ್ ಇಲ್ಲ. ಅಲ್ಲೂ ದುಡ್ಡು ಬಿಟ್ಟರು ನೋಡಿ.

ಸರಿ, ಈಗ ಇದನ್ನೆಲ್ಲ ಹೊತ್ತವರ ಕಥೆ.

ಆ ಪ್ರದೇಶ ಮುನ್ನೂರು ವರ್ಷ ಇಂಗ್ಲೆಂಡ್ ರಾಜರ ಕೈಲಿತ್ತು, 1453ರಲ್ಲಿ ಮತ್ತೆ ಫ್ರಾನ್ಸಿಗೆ ಬಂತು. 1593ರಲ್ಲಿ ಜಾಕ್ ಸೋವಾಜ್ ಅನ್ನೋ ಸ್ಥಳೀಯ ಗಣ್ಯನಿಗೆ ದಿಕೆಮ್ ಹಕ್ಕು ಸಿಕ್ಕಿತು, ಅದು ಗೇಣಿಯ ಥರದ ಹಕ್ಕು. ಪೂರ್ತಿ ಒಡೆತನ ಬಂದದ್ದು 1711ರಲ್ಲಿ. ಪ್ರಬಂಧಗಳಿಂದ ಹೆಸರಾದ ಮೊಂಟೇನ್‌ನ ಮನೆತನದ ಹೆಸರೂ ಎಕೆಮ್ ಅಂತಲೇ, ಹಾಗಾಗಿ ತೋಟ ಅವನದ್ದೇ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ, ಬಿಟ್ಟುಬಿಡಿ.

ಇನ್ನೊಂದು ಕಥೆ ನೀವು ಕೇಳಿಯೇ ಇರುತ್ತೀರಿ. 1847ರಲ್ಲಿ ಒಡೆಯ ರಷ್ಯಾಕ್ಕೆ ಹೋಗಿದ್ದನಂತೆ, ನಾನು ಬರುವ ತನಕ ಹಣ್ಣು ಕೀಳಬೇಡಿ ಅಂದಿದ್ದನಂತೆ, ಅವನು ಬರುವುದು ತಡವಾಗಿ ಹಣ್ಣೆಲ್ಲ ಬೂಷ್ಟು ಹಿಡಿಯಿತಂತೆ, ಸುಮ್ನೆ ಹಿಂಡಿ ನೋಡಿದರೆ ಅಮೃತವಂತೆ. ಚೆನ್ನಾಗಿದೆ. ಆದರೆ ಜರ್ಮನಿಯ ಯೋಹಾನಿಸ್‌ಬರ್ಗ್ ತೋಟದಲ್ಲೂ ಇದೇ ಕಥೆ ಇದೆ. ಅಲ್ಲಿ 1775ರಲ್ಲಿ ಸುಗ್ಗಿಗೆ ಅಪ್ಪಣೆ ತರಬೇಕಾದ ಸವಾರ ತಡವಾಗಿ ಬಂದ. ಹಂಗರಿಯ ತೊಕಾಯ್‌ನವರು ಯುದ್ಧದ ಭಯದಿಂದ ಸುಗ್ಗಿ ತಡವಾಯಿತು ಅನ್ನುತ್ತಾರೆ. ಎಲ್ಲ ಕಡೆ ಯಾರೋ ತಡ ಮಾಡಿದ್ದೇ ಪವಾಡ! ದಿಕೆಮ್ ವಿಷಯದಲ್ಲಿ ಈ ಕಥೆ ನಿಲ್ಲುವುದಿಲ್ಲ, ಯಾಕೆಂದರೆ 1666ರ ಒಂದು ದಾಖಲೆ ಇದೆ. ತೋಟದ ಒಡೆಯನಿಗೂ ಒಕ್ಕಲುಗಳಿಗೂ ಸಂಬಂಧಪಟ್ಟ ಕಾಗದ ಅದು. ಪಕ್ಕದ ಊರು ಬೊಮ್ ಮತ್ತು ಸೋತೆರ್ನ್‌ನಲ್ಲಿ ಅಕ್ಟೋಬರ್ 15ರ ಸುಮಾರಿಗೆ ಮುಂಚೆ ಸುಗ್ಗಿ ಮಾಡುವ ರೂಢಿ ಇಲ್ಲ ಅಂತ ಅದರಲ್ಲಿ ಬರೆದಿದೆ. ಆ ಕಾಲಕ್ಕೇ ಕಾಯುವುದು ರೂಢಿಯಾಗಿತ್ತು. ಸಿಹಿ ಬಿಳಿ ವೈನ್ ಕೊಳ್ಳಲು ಡಚ್ ವ್ಯಾಪಾರಿಗಳಿದ್ದರು, ಕಾದರೆ ಬೆಲೆ ಸಿಗುತ್ತಿತ್ತು. ಆಕಸ್ಮಿಕ ಏನೂ ಅಲ್ಲ.

1785ರಲ್ಲಿ ಸೋವಾಜ್ ಮನೆತನದ ಮಗಳು ಫ್ರಾಂಸ್ವಾಸ್ ಜೋಸೆಫೀನ್ ಲ್ಯೂರ್-ಸಾಲ್ಯೂಸ್ ಮನೆತನದ ಕೌಂಟ್ ಲೂಯಿ ಅಮೆದೆಯನ್ನು ಮದುವೆಯಾದಳು. ಮೂರೇ ವರ್ಷಕ್ಕೆ, 1788ರಲ್ಲಿ, ಗಂಡ ಕುದುರೆಯಿಂದ ಬಿದ್ದು ತೀರಿಕೊಂಡ. ಮುಂದಿನ ವರ್ಷ ಕ್ರಾಂತಿ. ಇಪ್ಪತ್ತರ ಆಸುಪಾಸಿನ ವಿಧವೆ, ಕೈಲಿ ಮಕ್ಕಳು, ಹೆಸರಲ್ಲಿ ಶ್ರೀಮಂತಿಕೆಯ ಬಿರುದು, ಆ ಕಾಲದಲ್ಲಿ ಅದು ತಲೆ ಹೋಗಲು ಸಾಕಾದ ಬಿರುದು. ಎರಡು ಸಲ ಜೈಲಿಗೂ ಹೋಗಿ ಬಂದಳು. ತೋಟ ಬಿಡಲಿಲ್ಲ. 1826ರಲ್ಲಿ ದೊಡ್ಡ ದುಡ್ಡು ಹಾಕಿ ವೈನ್ ಇಡುವ ಕಟ್ಟಡ ಕಟ್ಟಿಸಿದಳು. 1851ರಲ್ಲಿ ತೀರಿಕೊಳ್ಳುವ ತನಕ ಯಜಮಾನಿಕೆ ಅವಳದೇ. ದಿಕೆಮ್ ಅನ್ನು ದಿಕೆಮ್ ಮಾಡಿದವರು ಯಾರು ಅಂತ ಕೇಳಿದರೆ ನಾನು ಈ ಹೆಂಗಸಿನ ಹೆಸರು ಹೇಳುತ್ತೇನೆ.

ಅಮೆರಿಕದ ಥಾಮಸ್ ಜೆಫರ್ಸನ್ ಬರುವುದು ಇದೇ ಹೊತ್ತಿಗೆ. ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಅವನು 1787ರಲ್ಲಿ ಬೋರ್ಡೊಗೆ ಬಂದು ತೋಟಗಳ ಪಟ್ಟಿ ಬರೆದುಕೊಂಡ, ಆಮೇಲೆ 1784ರ ದಿಕೆಮ್ 250 ಬಾಟಲಿಗೆ ಆರ್ಡರ್ ಕೊಟ್ಟ. 1790ರಲ್ಲಿ ಮತ್ತೊಂದು ಪತ್ರ ಬರೆದ: ಅಧ್ಯಕ್ಷ ವಾಷಿಂಗ್ಟನ್‌ಗೆ 30 ಡಜನ್, ನನಗೆ 10 ಡಜನ್. ಪತ್ರ ಬರೆದದ್ದು ಕೌಂಟ್‌ಗೆ. ಕೌಂಟ್ ಸತ್ತು ಎರಡು ವರ್ಷ ಆಗಿತ್ತು. ಜೆಫರ್ಸನ್ ಹೆಸರು ಎಷ್ಟು ಬಾಳಿತು ಅಂದರೆ, 1980ರ ದಶಕದಲ್ಲಿ ಅವನ ಹೆಸರಿನ ಅಕ್ಷರ ಕೊರೆದ ಹಳೆ ಬಾಟಲಿಗಳು ಮಾರುಕಟ್ಟೆಗೆ ಬಂದವು. ಲಾಫಿತ್, ದಿಕೆಮ್, ಇನ್ನೂ ಏನೇನೋ. ಕೊಂಡ ಒಬ್ಬ ಶ್ರೀಮಂತ ತನಿಖೆ ಮಾಡಿಸಿದಾಗ, ಅಕ್ಷರಗಳನ್ನು ವಿದ್ಯುತ್ ಉಪಕರಣದಿಂದ ಕೊರೆದಿದ್ದಾರೆ ಅಂತ ತಜ್ಞರು ಹೇಳಿದರು. 18ನೇ ಶತಮಾನದಲ್ಲಿ ಕರೆಂಟ್ ಎಲ್ಲಿಂದ ಬರಬೇಕು?

1855 ಬೋರ್ಡೊ ಚರಿತ್ರೆಯ ದೊಡ್ಡ ವರ್ಷ. ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ದಲ್ಲಾಳಿಗಳು ತೋಟಗಳಿಗೆ ದರ್ಜೆ ಕೊಟ್ಟರು. ರುಚಿ ನೋಡಿ ಕೊಟ್ಟದ್ದಲ್ಲ, ವರ್ಷಾನುಗಟ್ಟಲೆ ಸಿಕ್ಕ ಬೆಲೆ ನೋಡಿ ಕೊಟ್ಟದ್ದು. ಕೆಂಪು ವೈನ್‌ನಲ್ಲಿ ಲಾಫಿತ್, ಮಾರ್ಗೊ, ಲಾತೂರ್, ಓ-ಬ್ರಿಯೋನ್ ನಾಲ್ಕೂ ಮೊದಲ ದರ್ಜೆ. ಬಿಳಿ ವೈನ್‌ನಲ್ಲಿ ಮೊದಲ ದರ್ಜೆಗೂ ಮೇಲೆ ಇನ್ನೊಂದು ದರ್ಜೆ ಮಾಡಿ, ಅದರಲ್ಲಿ ಒಂದೇ ಹೆಸರು ಬರೆದರು, ದಿಕೆಮ್. ನಾಲ್ಕು ವರ್ಷದ ನಂತರ ರಷ್ಯಾದ ತ್ಸಾರ್‌ನ ತಮ್ಮ ಕಾನ್‌ಸ್ಟಂಟೀನ್ 1847ರ ದಿಕೆಮ್ 900 ಲೀಟರಿಗೆ 20,000 ಚಿನ್ನದ ಫ್ರಾಂಕ್ ಕೊಟ್ಟ. ಹೀಗೆ ಒಂದು ಒಳ್ಳೆ ವರ್ಷ ಹಿಂದಿನ ಎಷ್ಟೋ ಕೆಟ್ಟ ವರ್ಷಗಳ ಸಾಲ ತೀರಿಸುತ್ತಿತ್ತು. 2011ರಲ್ಲಿ 1811ರ ಒಂದು ಬಾಟಲಿ 75,000 ಪೌಂಡಿಗೆ ಹೋಯಿತು, ಬಿಳಿ ವೈನ್‌ಗೆ ಅಲ್ಲಿತನಕ ಯಾರೂ ಅಷ್ಟು ಕೊಟ್ಟಿರಲಿಲ್ಲ. ಆದರೆ ಆ ದುಡ್ಡು ತೋಟಕ್ಕೆ ಬಂದದ್ದಲ್ಲ, ಮಾರಿದವರಿಗೆ ಹೋದದ್ದು.

20ನೇ ಶತಮಾನದಲ್ಲಿ ಕಷ್ಟ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ದಿಕೆಮ್ ಸೈನಿಕರ ಆಸ್ಪತ್ರೆಯಾಗಿತ್ತು. ಯುದ್ಧ ಮುಗಿದ ಮೇಲೆ ಅದೇ ಲ್ಯೂರ್-ಸಾಲ್ಯೂಸ್ ಮನೆತನದ ಮಾರ್ಕಿ (ಇದೂ ಕೌಂಟ್ ಥರದ ಬಿರುದು) ಬೆರ್ತ್ರಾಂ 1968ರ ತನಕ ನಡೆಸಿದ, ಆಮೇಲೆ ಅವನ ಸೋದರನ ಮಗ ಅಲೆಕ್ಸಾಂದ್ರ್ ಬಂದ. ಆಗ ಸಿಹಿ ವೈನ್ ಕೇಳುವವರೇ ಕಡಿಮೆ. ಸೋತೆರ್ನ್‌ನ ಎಷ್ಟೋ ತೋಟಗಳು ಬೇಗ ಹಣ್ಣು ಕಿತ್ತು, ರಸಕ್ಕೆ ಸಕ್ಕರೆ ಬೆರೆಸಿ, ಹೇಗೋ ದಿನ ದೂಡಿದವು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಮನೆ ನಡೆಯಬೇಕಲ್ಲ. ಅಲೆಕ್ಸಾಂದ್ರ್ ಕಾಲದಲ್ಲಿ 1972, 1974 ಎರಡೂ ಹೋದವು. ಮೂರು ವರ್ಷದಲ್ಲಿ ಎರಡು ವರ್ಷ ಮಾಲೇ ಇಲ್ಲದ ಅಂಗಡಿ ಯಾರು ನಡೆಸುತ್ತಾರೆ ಹೇಳಿ.

ಮನೆತನ ಬೆಳೆದಂತೆ ಪಾಲುದಾರರು ಜಾಸ್ತಿಯಾದರು. ತೋಟ ನಡೆಸುವವನು ಒಬ್ಬ, ನಷ್ಟದಲ್ಲಿ ಪಾಲು ಎಲ್ಲರದ್ದು. ಎಲ್ಲರಿಗೂ ಕಾಯುವ ಆಸೆ ಇರಲಿಲ್ಲ. 1996ರಲ್ಲಿ ಅಲೆಕ್ಸಾಂದ್ರ್‌ನ ಅಣ್ಣ ಯುಜೀನ್ ಮತ್ತು ಬೇರೆ ನೆಂಟರು ತಮ್ಮ ಪಾಲನ್ನು ಲೂಯಿ ವಿಟಾನ್ ಚೀಲದ ಕಂಪನಿ ಎಲ್‌ವಿಎಂಎಚ್‌ಗೆ ಮಾರಿದರು. ಅಲೆಕ್ಸಾಂದ್ರ್ ಕೋರ್ಟಿಗೆ ಹೋದ. ನಮ್ಮ ಕಡೆಯ ಆಸ್ತಿ ಜಗಳದ ಎಲ್ಲ ಲಕ್ಷಣವೂ ಅದರಲ್ಲಿತ್ತು. 1999ರಲ್ಲಿ ರಾಜಿಯಾಗಿ ಕಂಪನಿಯ ಕೈಗೆ ಹೋಯಿತು. ಅವನು 2004ರ ತನಕ ಮೇಲ್ವಿಚಾರಕನಾಗಿ ಉಳಿದು, ಆಮೇಲೆ 1472ರಿಂದ ಮನೆತನದಲ್ಲೇ ಇದ್ದ ಫಾರ್ಗ್ ತೋಟಕ್ಕೆ ಹೋದ. ಅಲ್ಲೂ ಸೋತೆರ್ನ್ ವೈನೇ. ದಿಕೆಮ್‌ಗೆ ಅವನ ಜಾಗದಲ್ಲಿ ಪಿಯೆರ್ ಲ್ಯೂರ್ತೋಂ ಬಂದ.

ಇದನ್ನು ಅನ್ಯಾಯ ಅನ್ನುವವರಿದ್ದಾರೆ. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಆದರೆ 2012 ನೆನಪಿಸಿಕೊಳ್ಳಿ. ಚೀಲ, ಸೆಂಟು, ಗಡಿಯಾರ ಮಾರಿ ದುಡ್ಡು ಮಾಡುವ ಕಂಪನಿಗೆ ಒಂದು ವರ್ಷದ ದಿಕೆಮ್ ಬಿಡುವುದು ದೊಡ್ಡ ಮಾತಲ್ಲ. ಹೆಸರು ಉಳಿದರೆ ಅವರಿಗೇ ಲಾಭ. ಸಾಲದಲ್ಲಿರುವ ಮನೆತನಕ್ಕೆ ಅದೇ ನಿರ್ಧಾರ ಪ್ರಾಣಸಂಕಟ. ಆದ್ದರಿಂದ 1972, 1974ರ ನಿರ್ಧಾರಕ್ಕೆ ನಾನು 2012ರದ್ದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಪ್ರಶ್ನೆಗಳು.

ನಂದಿ ಬೆಟ್ಟದ ಕಡೆ ಇಂಥ ವೈನ್ ಆಗುತ್ತದೆಯಾ ಅಂತ ಒಬ್ಬರು ಕೇಳಿದರು. ನಮ್ಮಲ್ಲಿ ವೈನ್ ದ್ರಾಕ್ಷಿ ಮಾಗುವುದು ಬೇಸಿಗೆ ಶುರುವಾಗುವ ಹೊತ್ತಿಗೆ. ಆಗ ಗಾಳಿ ಒಣ. ವಾರಗಟ್ಟಲೆ ಬೆಳಿಗ್ಗೆ ಮಂಜು, ಮಧ್ಯಾಹ್ನ ಹದವಾದ ಬಿಸಿಲು ಅನ್ನೋ ಆಟ ಇಲ್ಲಿ ಆ ಕಾಲದಲ್ಲಿ ಸಿಗುವುದಿಲ್ಲ. ಹಣ್ಣನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ಸಿಹಿ ವೈನ್ ಮಾಡಬಹುದು, ಭಾರತದಲ್ಲಿ ಮಾಡುತ್ತಲೂ ಇದ್ದಾರೆ. ಅದು ಬೇರೆ ಜಾತಿ.

ಸಿಹಿ ಇಲ್ಲದ ದಿಕೆಮ್ ಇದೆಯಾ? ಇದೆ. 1959ರಲ್ಲಿ ಶುರು ಮಾಡಿದರು, ಹೆಸರು ಬರೀ ವೈ ಅಕ್ಷರ, ಫ್ರೆಂಚರು ಇಗ್ರೆಕ್ ಅನ್ನುತ್ತಾರೆ. ಮೊದಲು ಕೆಲವು ವರ್ಷ ಮಾತ್ರ ಮಾಡುತ್ತಿದ್ದರು, 2004ರಿಂದ ವರ್ಷವರ್ಷ ಬರುತ್ತಿದೆ.

ನೀವು ಕುಡಿದಿದ್ದೀರಾ ಅನ್ನೋದು ಕೊನೆಯ ಪ್ರಶ್ನೆ, ಎಲ್ಲರೂ ನಕ್ಕರು. ಕುಡಿದಿದ್ದೇನೆ, ನಾಲ್ಕಾರು ಗೆಳೆಯರು ದುಡ್ಡು ಹಾಕಿ ಹೊರದೇಶದಲ್ಲಿ ಕೊಂಡ ಅರ್ಧ ಬಾಟಲಿ. ಪೂರ್ತಿ ಬಾಟಲಿ ಅಂದರೆ ಹೊಸದೇ ಕೆಲವು ನೂರು ಯೂರೋ. ಜೇನು, ಜರ್ದಾಳು ಅಂತ ಎಲ್ಲರೂ ಹೇಳುವುದು ಸರಿ, ಆದರೆ ನನ್ನ ನೆನಪಲ್ಲಿ ಉಳಿದದ್ದು ಹುಳಿ. ಅಷ್ಟು ಸಕ್ಕರೆ ಇದ್ದರೂ ನುಂಗಿದ ಮೇಲೆ ಬಾಯಿ ಅಂಟಲಿಲ್ಲ, ಇನ್ನೊಂದು ಗುಟುಕು ಬೇಕು ಅನಿಸಿತು. ತಣ್ಣಗೆ ಮಾಡಿ ಕುಡಿಯಿರಿ, ತೀರಾ ಐಸ್ ಥರ ಬೇಡ. ಫ್ರೆಂಚರು ರೋಕ್‌ಫೋರ್ ಚೀಸ್ ಜೊತೆ ತಿನ್ನುತ್ತಾರೆ. ಅದೂ ಬೂಷ್ಟು ಹಿಡಿದದ್ದೇ. ತೆರೆದ ಬಾಟಲಿ ಒಂದೇ ದಿನ ಮುಗಿಸಬೇಕಾಗಿಲ್ಲ, ಬಿರಟೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಆರಾಮಾಗಿ ಇರುತ್ತದೆ. ನಮ್ಮದು ಅರ್ಧ ಗಂಟೆ ಇರಲಿಲ್ಲ.